ಎರಡನೆಯ ಸೂಜಿ

ತಾಂಡೇಲರು ಹೆಂಡತಿಯನ್ನು ಕರೆದುಕೊಂಡು ನನ್ನ ಔಷಧದಂಗಡಿಗೆ ಬಂದದ್ದು ಜೂನ್ ಎರಡನೆಯ ವಾರದಲ್ಲಿ. ಮೀನುಗಾರಿಕೆಗೆ ಮಳೆಗಾಲದ ರಜೆ ಶುರುವಾಗಿ ಬೋಟುಗಳೆಲ್ಲ ದಡ ಸೇರಿದ್ದವು. ಗಿರಾಕಿಗಳಿದ್ದರೆಂದು ಅವರಿಗೆ ಬೆಂಚಿನ ಮೇಲೆ ಕೂರಲು ಹೇಳಿದೆ. ಇಬ್ಬರಿಗೆ ಮಾತ್ರೆ ಕೊಟ್ಟು ತಿರುಗುವಷ್ಟರಲ್ಲಿ ತಾಂಡೇಲರು ಗೋಡೆಗೆ ತಲೆಯಾನಿಸಿ ನಿದ್ದೆಹೋಗಿದ್ದರು. ಇನ್ನೂ ಸಂಜೆ ಐದೂವರೆ. ಹೊನ್ನಾವರ ಬಸ್ ನಿಲ್ದಾಣದ ಗದ್ದಲವೆಲ್ಲ ಅಂಗಡಿಯೊಳಗೇ ಬರುತ್ತದೆ. ಅವರಿಗೆ ಯಾವುದೂ ಕೇಳುತ್ತಿರಲಿಲ್ಲ. ಹೆಂಡತಿ ಮೊಣಕೈಯಿಂದ ತಿವಿದು ಎಬ್ಬಿಸಿದರು.

ಹೊಳೆಯಾಚೆಯ ಕಾಸರಕೋಡಿನ ಬೋಟೊಂದರ ಚುಕ್ಕಾಣಿ ಹಿಡಿಯುವ ತಾಂಡೇಲ ಅವರು. ನಲವತ್ತೊಂಬತ್ತು ವಯಸ್ಸು, ನೂರ ಹದಿನಾಲ್ಕು ಕಿಲೋ ತೂಕ. ಆರು ವರ್ಷಗಳಿಂದ ರಕ್ತದೊತ್ತಡದ ಮಾತ್ರೆಗೆ ತಿಂಗಳಿಗೊಮ್ಮೆ ನನ್ನಲ್ಲಿಗೆ ಬರುತ್ತಿದ್ದರು. ಆ ಮೇ ತಿಂಗಳ ಕೊನೆಯಲ್ಲಿ ಮೀನು ತುಂಬಿಕೊಂಡು ವಾಪಸಾಗುವಾಗ, ಶರಾವತಿ ಕಡಲಿಗೆ ಸೇರುವ ಅಳಿವೆಯ ಬಾಯಲ್ಲಿ, ಅವರ ಕಣ್ಣು ಮುಚ್ಚಿತ್ತು. ಬೋಟು ಮರಳು ದಿಬ್ಬಕ್ಕೆ ಹತ್ತಿ ವಾಲಿತು. ಬಲೆ ಎಳೆಯುವ ಒಬ್ಬ ಖಲಾಸಿಯ ಭುಜದ ಮೂಳೆ ಮುರಿಯಿತು. ಬೋಟಿನ ಮಾಲೀಕರು ಬೈಯಲಿಲ್ಲವಂತೆ. ಮೈ ಇಳಿಸಿಕೊಂಡು ಬಾ, ಇಲ್ಲದಿದ್ದರೆ ಆಗಸ್ಟಿನಲ್ಲಿ ಬೇರೆ ತಾಂಡೇಲನನ್ನು ನೋಡಬೇಕಾಗುತ್ತದೆ ಎಂದಷ್ಟೇ ಹೇಳಿದರಂತೆ.

ಹೆಂಡತಿ ಮೊಬೈಲ್ ತೆಗೆದು ಒಂದು ಜಾಹೀರಾತು ತೋರಿಸಿದರು. ವಾರಕ್ಕೊಂದು ಸೂಜಿ, ಹಸಿವು ತಗ್ಗುತ್ತದೆ, ತೂಕ ಇಳಿಯುತ್ತದೆ. ಆ ಔಷಧ ನನಗೆ ಗೊತ್ತಿತ್ತು. ಮೊದಲು ಅದರ ಬೆಲೆ ಕೇಳಿಯೇ ಜನ ಎದ್ದು ಹೋಗುತ್ತಿದ್ದರು. ನಮ್ಮ ದೇಶದ ಕಂಪನಿಗಳೇ ತಯಾರಿಸಲು ಶುರುಮಾಡಿದ ಮೇಲೆ ತಾಂಡೇಲರಂಥವರೂ ಯೋಚಿಸಬಹುದಾದ ಮಟ್ಟಕ್ಕೆ ಇಳಿದಿತ್ತು. ಆದರೆ ಅದನ್ನು ಬರೆದುಕೊಡುವ ತಜ್ಞರು ಬೇಕೆಂದರೆ ಮಂಗಳೂರಿಗೋ ಹುಬ್ಬಳ್ಳಿಗೋ ಹೋಗಬೇಕು. ಅದಕ್ಕಾಗಿಯೇ ನಾನು ಎರಡು ತಿಂಗಳ ಹಿಂದೆ ಆನ್‌ಲೈನ್ ವೈದ್ಯಸೇವೆಯ ಕಂಪನಿಯೊಂದಕ್ಕೆ ಸಹಾಯ ಕೇಂದ್ರವಾಗಿ ಸೇರಿಕೊಂಡಿದ್ದೆ. ಫಾರ್ಮು ತುಂಬಿಸುವುದು, ಡಾಕ್ಟರರ ಜೊತೆ ವಿಡಿಯೊದಲ್ಲಿ ಮಾತಾಡಿಸುವುದು, ಬಂದ ಔಷಧವನ್ನು ಇಟ್ಟುಕೊಡುವುದು ನನ್ನ ಕೆಲಸ. ಗಿರಾಕಿಗಳು ಮೊಬೈಲಿನಲ್ಲೇ ಔಷಧ ತರಿಸಿಕೊಳ್ಳುವ ಕಾಲದಲ್ಲಿ ಅಂಗಡಿ ಉಳಿಸಿಕೊಳ್ಳುವ ದಾರಿ ಇದೆಂದು ನಾನು ನಂಬಿದ್ದೆ.

ಫಾರ್ಮು ಇಂಗ್ಲಿಷಿನಲ್ಲಿತ್ತು, ನಲವತ್ತಕ್ಕೂ ಹೆಚ್ಚು ಪ್ರಶ್ನೆ. ಕರೆಂಟು ಹೋಗಿತ್ತು, ಲ್ಯಾಪ್‌ಟಾಪಿನ ಬ್ಯಾಟರಿ ಮುಗಿಯುತ್ತ ಬಂದಿತ್ತು. ಎತ್ತರ ಅಳೆದೆ, ತೂಕ ನೋಡಿದೆ, ಸೊಂಟದ ಸುತ್ತಳತೆ ತೆಗೆದೆ, ನುಂಗುವ ಮಾತ್ರೆಯ ಹೆಸರು ಬರೆದೆ. ನಿದ್ದೆಯ ಪ್ರಶ್ನೆ ಬಂದಾಗ ಕೇಳಿದೆ.

“ನಿದ್ದೆಗೆಂತ ತೊಂದ್ರೆ ಅಕ್ಕ? ಕೂತಲ್ಲೇ ಬತ್ತದೆ” ಎಂದು ಅವರು ನಕ್ಕರು. ನಾನೂ ನಕ್ಕು, ತೊಂದರೆಯಿಲ್ಲ ಎಂದು ಗುರುತು ಹಾಕಿದೆ.

ಆಮೇಲೆ ಹಿಂದಿನ ಕಾಯಿಲೆಗಳ ಪಟ್ಟಿ ಬಂತು, ಹನ್ನೊಂದು ಸಾಲು. ಥೈರಾಯ್ಡಿನ ಕ್ಯಾನ್ಸರು, ಪಿತ್ತಕೋಶದ ಕಲ್ಲು, ಮೇದೋಜೀರಕ ಗ್ರಂಥಿಯ ಊತ, ಮೂತ್ರಪಿಂಡದ ತೊಂದರೆ, ಹೀಗೆ. ಒಂದೊಂದನ್ನೂ ಕನ್ನಡದಲ್ಲಿ ಬಿಡಿಸಿ ಹೇಳಿ ಕೇಳಬೇಕಿತ್ತು. ಕೌಂಟರಿನಲ್ಲಿ ಮತ್ತೆ ನಾಲ್ಕು ಜನ ನಿಂತಿದ್ದರು. ಆರು ವರ್ಷದಿಂದ ನೋಡುತ್ತಿರುವ ಮನುಷ್ಯ, ಒಂದು ಬಿಪಿ ಮಾತ್ರೆ ಬಿಟ್ಟು ಬೇರೆ ಏನನ್ನೂ ಕೊಂಡವರಲ್ಲ. ನಾನು ತಲೆಯೆತ್ತದೆ ಹನ್ನೊಂದು ಸಲ ‘ಇಲ್ಲ’ ಎಂದು ಒತ್ತಿದೆ. ಅವರನ್ನು ಕೇಳಲಿಲ್ಲ. ಇಡೀ ಕೆಲಸಕ್ಕೆ ಹಿಡಿದದ್ದು ಆರೇಳು ನಿಮಿಷ.

ಮರುದಿನವೇ ವಿಡಿಯೊ ಭೇಟಿ ಸಿಕ್ಕಿತು. ಬೆಂಗಳೂರಿನಲ್ಲಿದ್ದ ಡಾಕ್ಟರಮ್ಮ ಒಳ್ಳೆಯ ಕನ್ನಡದಲ್ಲಿ ಮಾತಾಡಿದರು. ಮಳೆಗೆ ನೆಟ್‌ವರ್ಕ್ ಹಿಡಿದು ಹಿಡಿದು ಬಿಡುತ್ತಿತ್ತು. ಹಿಂದಿನ ಕಾಯಿಲೆಗಳಿಗೆಲ್ಲ ಇಲ್ಲ ಎಂದಿದೆ, ಸರಿಯೇ ಎಂದು ಅವರು ಕೇಳಿದಾಗ ತಾಂಡೇಲರು ನನ್ನ ಮುಖ ನೋಡಿದರು. ನಾನು ಸರಿ ಎಂದೆ. ತೂಕ ಇಳಿಯಲು ತಿಂಗಳುಗಟ್ಟಲೆ ಬೇಕು, ಅವಸರ ಮಾಡಬಾರದು ಎಂದು ವಿವರಿಸಿ, ಅತ್ಯಂತ ಸಣ್ಣ ಪ್ರಮಾಣದಿಂದ ಶುರುಮಾಡಲು ಅವರು ಬರೆದುಕೊಟ್ಟರು. ತಾಂಡೇಲರಿಗೆ ಕೇಳಿಸಿದ್ದು ಔಷಧ ಸಿಗುತ್ತದೆ ಎಂಬುದೊಂದೇ.

ಸಿಗಲು ಮೂರು ವಾರ ಹಿಡಿಯಿತು. ಪೆನ್ನಿನ ಆಕಾರದ ಸೂಜಿ ಅದು. ಒಂದರಲ್ಲಿ ನಾಲ್ಕು ವಾರದ ಔಷಧ. ತೆರೆಯುವವರೆಗೆ ಎರಡರಿಂದ ಎಂಟು ಡಿಗ್ರಿ ತಂಪಿನಲ್ಲೇ ಇರಬೇಕು, ತೆರೆದ ಮೇಲೂ ಸೆಕೆ ತಾಕಬಾರದು. ಮೊದಲ ಪೆಟ್ಟಿಗೆ ಹೊರಟ ದಿನವೇ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಕುಮಟಾದ ಆಚೆ ಲಾರಿಗಳೆಲ್ಲ ನಿಂತವು. ಪೆಟ್ಟಿಗೆ ಎರಡು ದಿನ ತಡವಾಗಿ ಬಂತು. ತೆರೆದು ನೋಡಿದರೆ ಮಂಜಿನ ಪೊಟ್ಟಣ ನೀರಾಗಿತ್ತು, ಒಳಗಿನ ಉಷ್ಣತೆಯ ಪಟ್ಟಿ ಕೆಂಪಾಗಿತ್ತು. ತಾಂಡೇಲರು ಅಲ್ಲೇ ನಿಂತಿದ್ದರು. ನೋಡಲು ಚೆನ್ನಾಗೇ ಉಂಟಲ್ಲ, ಹಾಕಿ ನೋಡ್ವ ಎಂದರು. ಕೆಟ್ಟರೂ ಇದರ ಬಣ್ಣ ಬದಲಾಗಬೇಕೆಂದಿಲ್ಲ ಎಂದು ತಿಳಿಸಿ ಹೇಳಿ, ಫೋಟೊ ತೆಗೆದು ಕಂಪನಿಗೆ ಕಳಿಸಿದೆ. ಕಂಪನಿಯ ಚಾಟಿನಲ್ಲಿ ಒಂದೇ ಉತ್ತರ ಮೂರು ದಿನ ಬಂತು: ನಿಮ್ಮ ತೊಂದರೆಗೆ ವಿಷಾದಿಸುತ್ತೇವೆ. ನಾಲ್ಕನೆಯ ದಿನ ಯಾರೋ ಮನುಷ್ಯರೇ ಫೋನ್ ಮಾಡಿ ಬೇರೆ ಪೆಟ್ಟಿಗೆ ಕಳಿಸಲು ಒಪ್ಪಿದರು. ಆ ದಿನಗಳಲ್ಲಿ ತಾಂಡೇಲರು ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ ಬಂದು ನಿಲ್ಲುತ್ತಿದ್ದರು. ಕೌಂಟರಿನ ಮೇಲೆ ಬೆರಳು ಬಡಿಯುತ್ತ ನಿಂತು ಹೋಗುತ್ತಿದ್ದರು.

ಜುಲೈ ಮೊದಲ ಭಾನುವಾರ ಬೆಳಿಗ್ಗೆ ಅವರು ಮೊದಲ ಸೂಜಿ ಚುಚ್ಚಿಕೊಂಡರು. ಹೊಟ್ಟೆಯ ಚರ್ಮ ಹೇಗೆ ಹಿಡಿಯಬೇಕು, ಗುಂಡಿ ಒತ್ತಿ ಹತ್ತು ಎಣಿಸುವವರೆಗೆ ಏಕೆ ತೆಗೆಯಬಾರದು ಎಂದು ತೋರಿಸಿಕೊಟ್ಟೆ. ಅವರ ಮನೆಯಲ್ಲಿ ಫ್ರಿಜ್ಜಿದ್ದರೂ ಮಳೆಗಾಲದಲ್ಲಿ ಅಲ್ಲಿ ಕರೆಂಟು ದಿನಗಟ್ಟಲೆ ಇರುವುದಿಲ್ಲ. ಹಾಗಾಗಿ ಪೆನ್ನು ಅವರ ಹೆಸರಿನ ಚೀಟಿ ಅಂಟಿಸಿಕೊಂಡು ಫ್ರಿಜ್ಜಿಗೆಂದೇ ಇನ್ವರ್ಟರ್ ಇಟ್ಟಿರುವ ನನ್ನ ಅಂಗಡಿಯಲ್ಲಿ ಉಳಿಯಿತು. ಪ್ರತಿ ಭಾನುವಾರ ಬರುವುದೆಂದು ಮಾತಾಯಿತು.

ಬುಧವಾರ ಮಧ್ಯಾಹ್ನ ಅವರ ಹೆಂಡತಿ ಒಬ್ಬರೇ ಬಂದರು. ಊಟ ಸೇರುವುದಿಲ್ಲ, ಹುಳಿತೇಗು, ಹೊಕ್ಕುಳಿನ ಮೇಲೆ ಸಣ್ಣಗೆ ನೋವು ಅಂತಾರೆ ಎಂದರು. ಮೊದಲ ವಾರ ಹೊಟ್ಟೆ ಹೀಗಾಗುವುದು ಇದ್ದದ್ದೇ ಎಂದು ನಾನು ಸಮಾಧಾನ ಹೇಳುತ್ತಿದ್ದೆ. ಅವರು ಕೊಡೆ ಬಿಚ್ಚಿ ಮೆಟ್ಟಿಲು ಇಳಿದವರು ತಿರುಗಿ ನಿಂತರು.

“ಆವಾಗಿನ ಹಾಂಗೆ ಆಗೂದು ಬೇಡ ಅಂತ ಅಷ್ಟೇ ಅಕ್ಕ.”

“ಆವಾಗ ಎಂತ ಆಗಿತ್ತು?”

“ಭಟ್ಕಳದಾಗೆ ಎಂಟು ದಿನ ಮಲಗ್ಸಿದ್ರಲ್ಲ. ಹೊಟ್ಟೆನೋವು. ಒಂದು ಗುಟುಕು ನೀರು ಸಹ ಕೊಡ್ಲಿಲ್ಲ, ಬರೀ ಡ್ರಿಪ್ಪು.”

ಎಂಟು ವರ್ಷದ ಹಿಂದಿನ ಮಾತು. ಆಗ ಅವರು ಭಟ್ಕಳದ ಬೋಟಿನಲ್ಲಿದ್ದರು. ಬಾಯಿಗೆ ನೀರೂ ಕೊಡದೆ ಎಂಟು ದಿನ ಮಲಗಿಸುವ ಹೊಟ್ಟೆನೋವು ಯಾವುದಿರಬಹುದು ಎಂದು ಯೋಚಿಸಿದೆ. ಹನ್ನೊಂದು ಸಾಲುಗಳಲ್ಲಿ ಮೂರನೆಯದು, ಮೇದೋಜೀರಕ ಗ್ರಂಥಿಯ ಊತ, ಕಣ್ಣ ಮುಂದೆ ಬಂತು. ಹಿಂದೊಮ್ಮೆ ಆ ಊತ ಬಂದಿದ್ದವರಿಗೆ ಈ ಔಷಧ ಕೊಡುವ ಮೊದಲು ವೈದ್ಯರು ಹತ್ತು ಸಲ ಯೋಚಿಸುತ್ತಾರೆ.

ಹೆಂಡತಿಯನ್ನು ಹೆದರಿಸದೆ, ನೋವು ಸ್ವಲ್ಪ ಹೆಚ್ಚಾದರೂ ತಡಮಾಡದೆ ತಾಲ್ಲೂಕು ಆಸ್ಪತ್ರೆಗೆ ಹೋಗಬೇಕು, ಬೆನ್ನಿಗೆ ಹರಿದರಂತೂ ನಿಲ್ಲಲೇಬಾರದು ಎಂದು ಹೇಳಿ ಕಳಿಸಿದೆ. ಕೂಡಲೇ ಕಂಪನಿಯ ಆಪ್ ತೆರೆದೆ. ಆ ಡಾಕ್ಟರಮ್ಮ ಸಿಗುವುದು ಸೋಮವಾರ ಎಂದು ತೋರಿಸಿತು. ತುರ್ತು ಎಂಬ ಗುಂಡಿ ಒತ್ತಿದರೆ ಹತ್ತಿರದ ಆಸ್ಪತ್ರೆಗೆ ಹೋಗಿ ಎಂಬ ಸಂದೇಶ ಬಂತು. ಡಾಕ್ಟರಮ್ಮನಿಗೊಂದು ಟಿಪ್ಪಣಿ ಬರೆದೆ: ‘ರೋಗಿ ಈ ಹಿಂದೆ ತಿಳಿಸದಿದ್ದ ಕಾಯಿಲೆಯೊಂದು ಈಗ ತಿಳಿದುಬಂದಿದೆ.’ ಕಳಿಸಿದ ಮೇಲೆ ಅದನ್ನು ಮತ್ತೆ ಓದಿದೆ. ಯಾವ ಪದವೂ ಸುಳ್ಳಲ್ಲ, ಆದರೆ ನಾನೆಲ್ಲೂ ಅದರಲ್ಲಿರಲಿಲ್ಲ.

ಗುರುವಾರ ಬೆಳಿಗ್ಗೆ ತಾಂಡೇಲರನ್ನು ಒಪ್ಪಿಸಿ ಕುಮಟಾದ ಪ್ರಯೋಗಾಲಯಕ್ಕೆ ಕಳಿಸಿದೆ. ನಮ್ಮ ಬೀದಿಯ ಹಿರಿಯ ಡಾಕ್ಟರೊಬ್ಬರು ಹೊಟ್ಟೆ ಒತ್ತಿ ನೋಡಿ ರಕ್ತಪರೀಕ್ಷೆಗೆ ಬರೆದುಕೊಟ್ಟಿದ್ದರು. ಸಂಜೆ ವರದಿ ಬಂತು. ರಕ್ತದಲ್ಲಿ ಮೇದೋಜೀರಕದ ಕಿಣ್ವ ಇರಬೇಕಾದ್ದಕ್ಕಿಂತ ಕೊಂಚ ಹೆಚ್ಚು. ಗಾಬರಿಪಡುವಷ್ಟಲ್ಲ, ಬಿಟ್ಟುಬಿಡುವಷ್ಟೂ ಅಲ್ಲ. ನೋವು ಆಗಲೇ ತಗ್ಗಿತ್ತು. ಭಟ್ಕಳದ ಹಳೆಯ ಕಾಗದ ಸಿಗದೆ ಏನೂ ಹೇಳಲಾಗದು ಎಂದರು ಹಿರಿಯ ಡಾಕ್ಟರು.

ಶುಕ್ರವಾರ ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ ಭಟ್ಕಳದ ಬಸ್ ಹತ್ತಿದೆ. ಅವನೂ ಫಾರ್ಮಸಿ ಓದಿದವನು. ನೀನು ಹೋಗೂದು ಎಂತಕ್ಕೆ, ಅವರೇ ಹೋಗ್ಲಿ ಎಂದ. ಬಸ್ಸಿನಲ್ಲಿ ಕೂತರೂ ಕೂರಲಾಗುತ್ತಿರಲಿಲ್ಲ. ಮುರ್ಡೇಶ್ವರದ ಹತ್ತಿರ ಕಾಯ್ಕಿಣಿ ದಾಟುವಾಗ ಎರಡು ಸಲ ಫೋನ್ ಮಾಡಿ ನೋವು ಹೇಗಿದೆ ಎಂದು ವಿಚಾರಿಸಿದೆ. ಎರಡನೆಯ ಸಲ ತಾಂಡೇಲರೇ ಫೋನ್ ಎತ್ತಿ, ನಾನು ಗಂಜಿ ಉಂಡು ಆರಾಮಿದ್ದೇನೆ, ನೀವು ಆರಾಮ ಇರಿ ಎಂದರು.

ಆ ನರ್ಸಿಂಗ್ ಹೋಮ್ ಇದ್ದ ಜಾಗದಲ್ಲಿ ಈಗ ಹಾಸಿಗೆ, ಸೋಫಾ ಮಾರುವ ಮಳಿಗೆ. ಅಲ್ಲಿ ದಾಖಲೆ ನೋಡಿಕೊಳ್ಳುತ್ತಿದ್ದ ವಯಸ್ಸಾದ ಸಾಹೇಬರು ಎರಡು ಗಲ್ಲಿ ಆಚೆ ಝೆರಾಕ್ಸ್ ಅಂಗಡಿ ನಡೆಸುತ್ತಿದ್ದರು. ನನ್ನನ್ನು ಕೂರಿಸಿ ಚಹಾ ತರಿಸಿದರು. ಆಸ್ಪತ್ರೆ ಮುಚ್ಚಿದಾಗ ಫೈಲುಗಳನ್ನೆಲ್ಲ ಒಂದು ಗೋದಾಮಿಗೆ ಹಾಕಿದ್ದು, ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಗೆದ್ದಲು ತಿಂದದ್ದು ಹೇಳಿದರು. ತಾಂಡೇಲರ ಹೆಸರು ಅವರಿಗೆ ನೆನಪಿರಲಿಲ್ಲ. ಎದ್ದು ಹೊರಟಾಗ ಅವರೇ ಕರೆದರು.

“ಬೋಟಿನವರು ಅಂತೀರಿ. ಬೋಟಿನವರೆಲ್ಲ ಡಿಸ್ಚಾರ್ಜ್ ಆದ್ರೆ ನನ್ ಹತ್ರ ಒಂದು ಕಾಪಿ ಜಾಸ್ತಿ ಮಾಡಿಸ್ಕೊಳ್ತಿದ್ರು, ಸೊಸೈಟಿಗೆ ಕೊಡೂಕೆ. ಖರ್ಚಿಗೆ ಮದದ್ ಸಿಗ್ತಿತ್ತು. ಅಲ್ಲಿ ಕೇಳಿ.”

ಶನಿವಾರ ತಾಂಡೇಲರ ಹೆಂಡತಿಯೊಂದಿಗೆ ಅವರ ಊರಿನ ಮೀನುಗಾರರ ಸಹಕಾರಿ ಸಂಘಕ್ಕೆ ಹೋದೆ. ಆ ವರ್ಷ ನೆರವಿಗೆ ಅರ್ಜಿ ಹಾಕಿದ್ದು ಅವರಿಗೆ ನೆನಪಿತ್ತು. ಗುಮಾಸ್ತರು ಕಪಾಟಿನಿಂದ ದಾರ ಕಟ್ಟಿದ ಕಟ್ಟುಗಳನ್ನು ಒಂದೊಂದಾಗಿ ಇಳಿಸಿದರು. ಸುಮಾರು ಎರಡು ಗಂಟೆ ಹುಡುಕಿದ ಮೇಲೆ ಮಸುಕಾದ ಪ್ರತಿಯೊಂದು ಸಿಕ್ಕಿತು. ಸಹಿ ಅಳಿಸಿಹೋಗಿತ್ತು, ಆದರೆ ಕಾಯಿಲೆಯ ಹೆಸರು ಟೈಪು ಮಾಡಿದ್ದು, ಓದಲು ಬರುತ್ತಿತ್ತು. ಮೇದೋಜೀರಕ ಗ್ರಂಥಿಯ ತೀವ್ರ ಊತ. ಕೆಳಗೆ ಇನ್ನೊಂದು ಸಾಲು: ಮದ್ಯಪಾನ ಸಂಪೂರ್ಣ ನಿಲ್ಲಿಸಲು ತಿಳಿಹೇಳಲಾಗಿದೆ.

ಹೆಂಡತಿ ಕಾಗದ ನೋಡದೆ ಕಿಟಕಿಯ ಕಡೆ ನೋಡುತ್ತಿದ್ದರು. ಅಲ್ಲಿಂದ ಈಚೆಗೆ ಒಂದು ತೊಟ್ಟೂ ಮುಟ್ಟಿಲ್ಲ ಎಂದು ತಾವಾಗಿಯೇ ಹೇಳಿದರು. ಈಗಿನ ಬೋಟಿನವರಿಗೆ ಆ ಸಂಗತಿ ಗೊತ್ತಿಲ್ಲ, ಗೊತ್ತಾಗುವುದೂ ಬೇಡ ಎಂದು ಕೇಳಿಕೊಂಡರು.

ಭಾನುವಾರ ಬೆಳಿಗ್ಗೆ ಎಂಟಕ್ಕೆ ತಾಂಡೇಲರು ಸ್ನಾನ ಮಾಡಿ, ಇಸ್ತ್ರಿ ಹಾಕಿದ ಅಂಗಿ ತೊಟ್ಟು ಬಂದರು. ಒಂದು ವಾರದಲ್ಲಿ ಎರಡು ಕಿಲೋ ಇಳಿದಿತ್ತು. ಅದನ್ನು ಬಸ್ ನಿಲ್ದಾಣದ ತಕ್ಕಡಿಯಲ್ಲಿ ನೋಡಿಕೊಂಡು, ಚೀಟಿಯನ್ನೂ ಜೇಬಿನಲ್ಲಿಟ್ಟುಕೊಂಡೇ ಬಂದಿದ್ದರು; ತೆಗೆದು ಕೌಂಟರಿನ ಮೇಲಿಟ್ಟರು. ಹೆಂಡತಿ ಏನನ್ನೂ ಹೇಳಿರಲಿಲ್ಲ. ಹೇಳುವ ಕೆಲಸ ನನಗೆ ಬಿಟ್ಟಿದ್ದರು. ನಾನು ಫ್ರಿಜ್ ತೆರೆಯಲಿಲ್ಲ. ಡಾಕ್ಟರಮ್ಮನನ್ನು ಕೇಳುವವರೆಗೆ ಈ ಸೂಜಿ ಬೇಡ ಎಂದೆ.

ಅವರ ಮುಖ ಬಿಗಿಯಿತು. ನೋವು ಹೋಗಿದೆ, ತೂಕ ಇಳೀತಾ ಇದೆ, ಆಗಸ್ಟಿಗೆ ಮೂರೇ ವಾರ ಇದೆ ಎಂದರು. ನಾನು ಸೋಮವಾರದವರೆಗೆ ಎಂದೆ. ಸೋಮವಾರ ಡಾಕ್ಟರಮ್ಮ ಬೇಡ ಅಂದರೆ ಏನು ಮಾಡುವುದು ಎಂದು ಕೇಳಿದರು. ದುಡ್ಡು ಕೊಟ್ಟದ್ದು ಅವರು, ಪೆನ್ನು ಅವರದು, ಅದರ ಮೇಲೆ ಅವರ ಹೆಸರಿನ ಚೀಟಿ ಇತ್ತು.

“ನನ್ನ ಔಷಧ ನನಗೆ ಕೊಡಿ ಅಕ್ಕ. ನೀವು ಬರೀ ಇಟ್ಕೊಂಡದ್ದು.”

ಆ ಮಾತು ಸರಿಯಾಗಿತ್ತು. ಡಾಕ್ಟರಮ್ಮನ ಹಿಂದೆಯೋ ಕಂಪನಿಯ ನಿಯಮದ ಹಿಂದೆಯೋ ನಿಂತು ಅವರನ್ನು ತಡೆಯಬಹುದಿತ್ತು. ಬುಧವಾರದ ಟಿಪ್ಪಣಿಯಂತೆಯೇ ಇಲ್ಲೂ ತಪ್ಪು ಅವರದೇ ಎಂಬಂತೆ ಮಾತಾಡಬಹುದಿತ್ತು. ಕಾಯಿಲೆ ಮುಚ್ಚಿಟ್ಟವರು ನೀವಲ್ಲವೇ ಎಂದರೆ ಸಾಕಿತ್ತು. ನಾಲ್ಕು ದಿನದಿಂದ ಹೇಳದೆ ಇಟ್ಟುಕೊಂಡಿದ್ದನ್ನು ಆಗ ಹೇಳಿದೆ.

“ತಾಂಡೇಲ್ರೇ, ಫಾರ್ಮಿನಾಗೆ ಈ ಕಾಯಿಲೆ ಇತ್ತಾ ಅಂತ ಕೇಳಿದ್ರು. ನಾನು ನಿಮ್ಮನ್ನ ಕೇಳ್ದೇ ಇಲ್ಲ ಅಂತ ಒತ್ತಿದೆ. ಡಾಕ್ಟ್ರು ಮತ್ತೆ ಕೇಳಿದಾಗ್ಲೂ ಸರಿ ಅಂದೆ. ಗೊತ್ತಿದ್ರೆ ಅವರು ಇದನ್ನ ಬರೀತಿದ್ರೋ ಇಲ್ವೋ ನಂಗೆ ಗೊತ್ತಿಲ್ಲ. ತಪ್ಪು ನಂದು.”

ಅವರು ಫ್ರಿಜ್ಜಿನ ಕಡೆ ಒಮ್ಮೆ ನೋಡಿದರು. ಆಮೇಲೆ ಮೆಟ್ಟಿಲಿಳಿದು ಹೋದರು. ತೂಕದ ಚೀಟಿ ಕೌಂಟರಿನ ಮೇಲೆಯೇ ಉಳಿಯಿತು. ಅವರು ಬೇರೆ ಕಡೆಯಿಂದ ಅದೇ ಸೂಜಿ ತರಿಸಿಕೊಳ್ಳಬಹುದು ಎಂಬ ಹೆದರಿಕೆಯಲ್ಲಿ ನನ್ನ ಆ ದಿನ ಕಳೆಯಿತು. ಸಂಜೆ ಅವರ ಮನೆಯವರೆಗೂ ಹೋಗಿ, ಅಂಗಳದಲ್ಲಿ ಬಲೆ ಹರಡಿಕೊಂಡು ಕೂತಿದ್ದವರನ್ನು ದೂರದಿಂದ ನೋಡಿ, ಒಳಗೆ ಹೋಗಲು ಧೈರ್ಯ ಸಾಲದೆ ತಿರುಗಿ ಬಂದೆ.

ಸೋಮವಾರ ಹತ್ತೂವರೆಗೆ ವಿಡಿಯೊ ಭೇಟಿ. ಹತ್ತು ಇಪ್ಪತ್ತೈದಕ್ಕೆ ಗಂಡ ಹೆಂಡತಿ ಇಬ್ಬರೂ ಬಂದರು. ಈ ಸಲ ನಾನೇ ಮೊದಲು ಮಾತಾಡಿದೆ. ಫಾರ್ಮು ಹೇಗೆ ತುಂಬಿದ್ದೆಂದು ಮುಚ್ಚಿಡದೆ ಹೇಳಿದೆ, ಸಂಘದ ಕಾಗದವನ್ನು ಕ್ಯಾಮೆರಾದ ಎದುರು ಹಿಡಿದೆ. ಡಾಕ್ಟರಮ್ಮ ಕಾಗದವನ್ನು ಇನ್ನೂ ಹತ್ತಿರ ಹಿಡಿಸಿ ಓದಿಕೊಂಡರು. ನನ್ನ ಮೇಲೆ ರೇಗಲಿಲ್ಲ. ನಾನೂ ಆ ದಿನ ತಾಂಡೇಲರನ್ನೇ ಕೇಳಬೇಕಿತ್ತು ಎಂದರು. ಔಷಧ ನಿಲ್ಲಿಸಿದರು. ಮತ್ತೆ ಶುರುಮಾಡುವ ಆಸೆ ಇಟ್ಟುಕೊಳ್ಳಬೇಡಿ ಎಂದೂ ಹೇಳಿದರು. ಆಮೇಲೆ, ಮೊದಲ ಸಲ ಕೇಳದಿದ್ದುದನ್ನು ನೇರವಾಗಿ ಹೆಂಡತಿಯನ್ನು ಕೇಳಿದರು: ಇವರು ಮಲಗಿದಾಗ ಹೇಗಿರುತ್ತಾರೆ?

ಹೆಂಡತಿ ಗಂಡನ ಕಡೆ ನೋಡಿ, ಮತ್ತೆ ಪರದೆಯ ಕಡೆ ತಿರುಗಿ ಹೇಳಿದರು. ಗೊರಕೆ ಪಕ್ಕದ ಮನೆಗೆ ಕೇಳುತ್ತದೆ. ನಡುವೆ ಉಸಿರೇ ನಿಂತುಹೋಗುತ್ತದೆ. ಎಣಿಸುತ್ತ ಕೂರುತ್ತೇನೆ, ಇಪ್ಪತ್ತು ಇಪ್ಪತ್ತೈದು ದಾಟಿದರೆ ತಟ್ಟಿ ಎಬ್ಬಿಸುತ್ತೇನೆ. ಹೀಗೆ ಎಷ್ಟೋ ವರ್ಷವಾಯಿತು. ತಾಂಡೇಲರು ಹೆಂಡತಿಯನ್ನೇ ನೋಡುತ್ತಿದ್ದರು. ಹೆಂಡತಿ ಹೀಗೆ ಎಣಿಸುತ್ತ ಕೂರುವುದು ಅವರಿಗೂ ಗೊತ್ತಿರಲಿಲ್ಲ.

ಕೂತಲ್ಲಿ ನಿದ್ದೆ ಬರುವುದಕ್ಕೆ ಕಾರಣ ಇದೇ ಇರಬಹುದು ಎಂದರು ಡಾಕ್ಟರಮ್ಮ. ತೂಕ ನಿಧಾನ ಇಳಿಯಲಿ. ಮೊದಲು ನಿದ್ದೆಯ ಪರೀಕ್ಷೆಯಾಗಲಿ. ಅದಕ್ಕೆ ಚಿಕಿತ್ಸೆ ಆಗುವವರೆಗೆ ಬೋಟು ನಡೆಸಕೂಡದು. ತಾಂಡೇಲರು ಕೇಳಿದ್ದು ಒಂದೇ ಮಾತು.

“ಎಷ್ಟು ದಿನ?”

ನನಗೆ ಗೊತ್ತಿಲ್ಲ ಎಂದರು ಡಾಕ್ಟರಮ್ಮ.

ಮಂಗಳೂರಿನಲ್ಲಿ ಪರೀಕ್ಷೆ ಆಗಲು ಎರಡು ವಾರ ಕಾಯಬೇಕಾಯಿತು. ಡಾಕ್ಟರಮ್ಮ ಹೇಳಿದ್ದು ನಿಜವಾಗಿತ್ತು; ನಿದ್ದೆಯಲ್ಲಿ ಉಸಿರು ನಿಲ್ಲುವ ಕಾಯಿಲೆಯೇ. ಮಲಗುವಾಗ ಮೂಗಿಗೆ ಕಟ್ಟಿಕೊಂಡು ಗಾಳಿ ತಳ್ಳುವ ಯಂತ್ರ ಬೇಕೆಂದರು. ಕೊಳ್ಳುವ ಶಕ್ತಿ ಇಲ್ಲದ್ದರಿಂದ ಬಾಡಿಗೆಗೆ ಕೊಡುವವರನ್ನು ನಾನು ಫೋನಿನಲ್ಲಿ ಹುಡುಕಿದೆ. ಕರೆಂಟು ಹೋದರೆ ನಡೆಯಲೆಂದು ಕುಮಟಾದಿಂದ ಹಳೆಯ ಇನ್ವರ್ಟರ್ ಕೊಡಿಸಿದೆ. ಮಾಸ್ಕು ಹಿಡಿಸದೆ ಮೊದಲ ವಾರ ಕಿತ್ತೆಸೆಯುತ್ತಿದ್ದರಂತೆ. ಉಳಿದ ಮೂರು ವಾರದ ಔಷಧವಿದ್ದ ಪೆನ್ನನ್ನು ಅರ್ಧ ಬೆಲೆಗೆ ಕೊಡುತ್ತೀರಾ ಎಂದು ಪಕ್ಕದ ಬಟ್ಟೆ ಅಂಗಡಿಯವರು ಕೇಳಿದರು. ತೆರೆದ ಪೆನ್ನು ಇನ್ನೊಬ್ಬರಿಗೆ ಹೋಗಬಾರದೆಂದು ಹೇಳಿ, ಆಸ್ಪತ್ರೆಯ ಸೂಜಿಗಳ ಕಸಕ್ಕೆ ಸೇರಿಸಿದೆ. ಕಂಪನಿ ನನ್ನ ಕೇಂದ್ರವನ್ನು ಒಂದು ತಿಂಗಳು ನಿಲ್ಲಿಸಿತು. ಅದರಲ್ಲಿ ಅನ್ಯಾಯವೇನೂ ಇರಲಿಲ್ಲ.

ಆಗಸ್ಟಿನಲ್ಲಿ ಬೋಟು ಕಡಲಿಗಿಳಿದಾಗ ಚುಕ್ಕಾಣಿ ಹಿಡಿದದ್ದು ಬೇರೆಯವರು. ತಾಂಡೇಲರು ಮಾಲೀಕರ ಮನೆಗೆ ತಾವೇ ಹೋಗಿ, ನಿದ್ದೆಯ ಕಾಯಿಲೆ, ವಾಸಿಯಾಗುವವರೆಗೆ ಬಲೆ ಎಳೆಯುತ್ತೇನೆ ಎಂದು ಹೇಳಿದರಂತೆ. ಇಪ್ಪತ್ತು ವರ್ಷ ತಾಂಡೇಲನಾಗಿದ್ದವರು ಖಲಾಸಿಗಳ ಸಾಲಿನಲ್ಲಿ ನಿಂತದ್ದನ್ನು ನೋಡಲಾಗದೆ ಹೆಂಡತಿ ಆ ದಿನ ಬಂದರಿಗೆ ಹೋಗಲಿಲ್ಲ. ದೀಪಾವಳಿಯ ಹೊತ್ತಿಗೆ, ಹಗಲಿನ ಹೊತ್ತು ಮಾತ್ರ, ಇನ್ನೊಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ನಡೆಸಲು ವೈದ್ಯರು ಒಪ್ಪಿದರು. ತೂಕ ಇಳಿದದ್ದು ಐದು ಕಿಲೋ.

ನನ್ನ ಕೇಂದ್ರ ಮತ್ತೆ ತೆರೆದಿದೆ. ಒಂದೊಂದು ಫಾರ್ಮಿಗೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ಬಹಳ ಜನ ಬೇಸರಪಟ್ಟು ಎದ್ದು ಹೋಗುತ್ತಾರೆ. ಹೋದವರು ಎಲ್ಲಿ ಹೋಗಿ ಏನನ್ನು ತರಿಸಿಕೊಂಡರೋ ಎಂಬ ಚಿಂತೆ ಬೇರೆ.

ತಾಂಡೇಲರು ಬಿಪಿ ಮಾತ್ರೆಗೆ ಬರುವುದನ್ನು ಬಿಡಲಿಲ್ಲ. ಆ ಭಾನುವಾರದ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಹೋದ ತಿಂಗಳು ಮಾತ್ರೆಯ ಪಟ್ಟಿಯನ್ನು ಚೀಲಕ್ಕೆ ಹಾಕಿಕೊಂಡು, ಅಂಗಡಿಯಲ್ಲಿ ಬೇರೆ ಯಾರೂ ಇಲ್ಲದ್ದನ್ನು ನೋಡಿ, ತಗ್ಗಿದ ದನಿಯಲ್ಲಿ ಹೇಳಿದರು:

“ಆವತ್ತು ನೀವು ಕೇಳಿದ್ರೂ ನಾನು ಇಲ್ಲ ಅಂತಲೇ ಹೇಳ್ತಿದ್ದೆ ಅಕ್ಕ.”

ನನ್ನ ಭಾರ ಇಳಿಸಲು ಹೇಳಿದರೋ, ತಮ್ಮದನ್ನು ಇಳಿಸಿಕೊಳ್ಳಲು ಹೇಳಿದರೋ ತಿಳಿಯಲಿಲ್ಲ. ಉತ್ತರಕ್ಕೆ ಕಾಯದೆ ಅವರು ಕಾಸರಕೋಡಿನ ಟೆಂಪೊ ಹಿಡಿಯಲು ರಸ್ತೆ ದಾಟಿದರು. ಅವರು ಹೇಳಿದ್ದು ನಿಜವೇ ಇರಬಹುದು. ಆದರೂ ನಾನು ಕೇಳಬೇಕಿತ್ತು.